ಹುಲ್ಲೋ, ಕಾಳೋ? ದನದ ಮೇವು ಮಾಂಸದಲ್ಲಿ ಎಲ್ಲೆಲ್ಲಿ ಕಾಣುತ್ತದೆ

ಪಕ್ಕೆಲುಬಿನ ಭಾಗದಿಂದ ಕೊಯ್ದ ಎರಡು ತುಂಡು ದನದ ಮಾಂಸವನ್ನು ಅಕ್ಕಪಕ್ಕ ಇಟ್ಟಿದ್ದಾರೆ ಎಂದುಕೊಳ್ಳಿ. ಒಂದರ ಕೆಂಪು ಗಾಢವಾಗಿದೆ, ಅಂಚಿನ ನೆಣ ಬೆಣ್ಣೆಯ ಹಾಗೆ ಹಳದಿ, ಒಳಗಡೆ ಬರೀ ಮಾಂಸ. ಇನ್ನೊಂದು ತಿಳಿಗೆಂಪು, ನೆಣ ಅಚ್ಚ ಬಿಳಿ, ಮಾಂಸದ ಎಳೆಗಳ ನಡುವೆಯೂ ಸಣ್ಣ ಸಣ್ಣ ಬಿಳಿ ಗೆರೆಗಳು ಹರಡಿಕೊಂಡಿವೆ. ಮಾಂಸದ ಕಸುಬು ಬಲ್ಲವರನ್ನು ಕೇಳಿದರೆ ಮೊದಲನೆಯದು ಹುಲ್ಲು ಮೇಯ್ದ ದನದ್ದು, ಎರಡನೆಯದು ಕಾಳು ತಿಂದ ದನದ್ದು ಎನ್ನುತ್ತಾರೆ. ಬಹಳ ಸಲ ಅವರ ಊಹೆ ನಿಜವೂ ಆಗಿರುತ್ತದೆ. ಯಾಕೆ ಹೀಗೆ ಎಂದು ಕೇಳಿದಾಗ ಮಾತ್ರ ಉತ್ತರ ದಾರಿ ತಪ್ಪುತ್ತದೆ. 'ಕಾಳಿನಲ್ಲಿ ಜಿಡ್ಡು ಜಾಸ್ತಿ, ಅದೇ ಮಾಂಸಕ್ಕೆ ಇಳಿದಿದೆ' ಎಂಬುದು ಸಾಮಾನ್ಯವಾಗಿ ಸಿಗುವ ವಿವರಣೆ. ಆದರೆ ಮೆಕ್ಕೆಜೋಳದಲ್ಲಿರುವ ಜಿಡ್ಡು ಶೇ 4ರ ಆಸುಪಾಸು ಅಷ್ಟೇ. ನೀರಿನಂಶ ಕಳೆದು ಲೆಕ್ಕ ಹಾಕಿದರೆ ಎಳೆ ಹುಲ್ಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಮೇವು ಮಾಂಸವನ್ನು ಮುಟ್ಟುವುದು ಸುತ್ತುದಾರಿಯಲ್ಲಿ. ಅದು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳನ್ನು ದಾಟಬೇಕು, ಬೆಳವಣಿಗೆಯ ವೇಗವನ್ನು ಬದಲಿಸಬೇಕು, ದನ ಯಾವ ವಯಸ್ಸಿಗೆ ಕಸಾಯಿಖಾನೆಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸಬೇಕು, ಕೊನೆಯ ದಿನ ಸ್ನಾಯುವಿನಲ್ಲಿ ಎಷ್ಟು ಸಕ್ಕರೆ ಉಳಿದಿರುತ್ತದೆ ಎಂಬುದಕ್ಕೂ ಕಾರಣವಾಗಬೇಕು. ನೇರವಾಗಿ ಬಾಯಿಂದ ಮಾಂಸಕ್ಕೆ ಹೋಗಿ ಕೂರುವ ವಸ್ತುಗಳು ಬೆರಳೆಣಿಕೆಯಷ್ಟು. ಹಾಗಾಗಿ ಹುಲ್ಲೋ ಕಾಳೋ ಎಂದು ಕೇಳುವಾಗ ನಾವು ಕೇಳುತ್ತಿರುವುದು ಒಂದು ಪ್ರಶ್ನೆಯಲ್ಲ, ಏಳೆಂಟು ಪ್ರಶ್ನೆಗಳ ಗಂಟು. ಆ ಗಂಟನ್ನು ಬಿಚ್ಚಲು ದನದ ಬದುಕಿನ ಉದ್ದಕ್ಕೂ ನಡೆದುಹೋಗುವುದು ಸುಲಭದ ದಾರಿ. ಅದಕ್ಕೂ ಮೊದಲು ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಮೊದಲು ಉಣ್ಣುವವರು ಬೇರೆಯವರು

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ರೂಮೆನ್. ಬೆಳೆದ ದನದಲ್ಲಿ ಇದು 100 ಲೀಟರಿಗೂ ಹೆಚ್ಚು ಹಿಡಿಯುವ ಹುದುಗಿನ ತೊಟ್ಟಿ. ಒಳಗೆ ಸದಾ 39 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲ ಬಿಸಿ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ, ಪ್ರೋಟೊಜೋವ, ಶಿಲೀಂಧ್ರಗಳು ಅಲ್ಲಿ ಒತ್ತೊತ್ತಾಗಿ ವಾಸಿಸುತ್ತವೆ. ದನ ನುಂಗಿದ ಮೇವನ್ನು ಮೊದಲು ಉಣ್ಣುವುದು ಇವು. ದನಕ್ಕೆ ಸಿಗುವುದು ಇವುಗಳ ಉಚ್ಛಿಷ್ಟ: ಮೂರು ಪುಟ್ಟ ಆಮ್ಲಗಳು. ಅವುಗಳ ಹೆಸರು ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್. ದನದ ಶಕ್ತಿಯ ಸುಮಾರು ಶೇ 70 ಭಾಗ ಬರುವುದು ಈ ಮೂರರಿಂದಲೇ.

ನಾರು ತುಂಬಿದ ಮೇವು ತಿಂದರೆ ಅಸಿಟಿಕ್ ಆಮ್ಲದ್ದೇ ಮೇಲುಗೈ. ಒಟ್ಟು ಆಮ್ಲದಲ್ಲಿ ಅದು ಶೇ 65ರಿಂದ 70, ಪ್ರೊಪಿಯೋನಿಕ್ ಶೇ 20ರ ಹತ್ತಿರ. ಪಿಷ್ಟ ತುಂಬಿದ ಕಾಳು ಬಂತೆಂದರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುತ್ತವೆ, ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ, ಮೀಥೇನ್ ಆಗಿ ತೇಗಿನಲ್ಲಿ ಹೊರಟುಹೋಗುವ ಶಕ್ತಿ ಇಳಿಯುತ್ತದೆ. ಮೆಕ್ಕೆಜೋಳದ ತೂಕದಲ್ಲಿ ಸುಮಾರು ಶೇ 70 ಪಿಷ್ಟವೇ. ಕಾಳು ತಿಂದ ದನ ಬೇಗ ತೂಗುವುದಕ್ಕೆ ಅರ್ಧ ಕಾರಣ ಇಲ್ಲಿದೆ.

ಉಳಿದರ್ಧ ಹೆಚ್ಚು ಸ್ವಾರಸ್ಯದ್ದು. ಪ್ರೊಪಿಯೋನಿಕ್ ಆಮ್ಲ ಲಿವರಿಗೆ ಹೋಗಿ ಗ್ಲೂಕೋಸ್ ಆಗುತ್ತದೆ. ಅಸಿಟಿಕ್ ಆಮ್ಲಕ್ಕೆ ಆ ದಾರಿ ಇಲ್ಲ, ಅದು ಉರಿದು ಶಕ್ತಿಯಾಗಬೇಕು ಅಥವಾ ನೆಣವಾಗಬೇಕು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ದನದ ಬೇರೆ ಬೇರೆ ಜಾಗದ ನೆಣ ಯಾವ ಕಚ್ಚಾವಸ್ತುವಿನಿಂದ ಕಟ್ಟಿಕೊಳ್ಳುತ್ತದೆ ಎಂದು ಅಳೆದು ನೋಡಿತು. ಚರ್ಮದಡಿಯ ನೆಣ ಕಟ್ಟಲು ಬೇಕಾದ ಸರಕಿನಲ್ಲಿ ಶೇ 70ರಿಂದ 80ರಷ್ಟನ್ನು ಅಸಿಟಿಕ್ ಆಮ್ಲ ಒದಗಿಸುತ್ತಿತ್ತು. ಸ್ನಾಯುವಿನ ಎಳೆಗಳ ನಡುವಿನ ನೆಣ ಮಾತ್ರ ಶೇ 50ರಿಂದ 75ರಷ್ಟು ಸರಕನ್ನು ಗ್ಲೂಕೋಸಿನಿಂದ ಪಡೆಯುತ್ತಿತ್ತು. ಮಾಂಸದೊಳಗಿನ ಬಿಳಿ ಗೆರೆಗಳಿಗೂ ಕಾಳಿಗೂ ನಂಟು ಕಲ್ಪಿಸಿದ್ದು ಈ ಲೆಕ್ಕ. ನಂತರದ ಕೆಲವು ಪ್ರಯೋಗಗಳಲ್ಲಿ ಈ ಅಂತರ ಇಷ್ಟು ನಿಚ್ಚಳವಾಗಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ 'ಪಿಷ್ಟ ಕೊಟ್ಟರೆ ಗೆರೆ, ನಾರು ಕೊಟ್ಟರೆ ಬರೀ ಹೊರಗಿನ ನೆಣ' ಎಂದು ಸೂತ್ರ ಬರೆದುಕೊಳ್ಳುವುದು ಅವಸರ. ಒಟ್ಟು ಎಷ್ಟು ಶಕ್ತಿ, ಎಷ್ಟು ದಿನ ಸಿಕ್ಕಿತು ಎನ್ನುವುದೇ ದೊಡ್ಡ ಮಾತು.

ತಾಯ ಹೊಟ್ಟೆಯಿಂದಲೇ ಶುರು

ಕೊನೆಯ ನಾಲ್ಕು ತಿಂಗಳು ಏನು ತಿನ್ನಿಸಿದೆವು ಎನ್ನುವುದರ ಮೇಲೆಯೇ ಎಲ್ಲರ ಕಣ್ಣು. ಆದರೆ ಕರುವಿನ ಸ್ನಾಯುವಿನಲ್ಲಿ ಎಷ್ಟು ಎಳೆಗಳಿರಬೇಕು ಎಂಬುದು ಹುಟ್ಟುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಆಮೇಲೆ ಎಳೆಗಳು ದಪ್ಪವಾಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ. ಗಬ್ಬದ ನಡುಭಾಗದಲ್ಲಿ ತಾಯಿ ಹಸಿದರೆ ಎಳೆಗಳೂ ಕಡಿಮೆಯಾಗಬಹುದು. ಮುಂದೆ ನೆಣ ತುಂಬಿಕೊಳ್ಳಬೇಕಾದ ಜೀವಕೋಶಗಳೂ ಆ ಕಾಲದಲ್ಲೇ ಹುಟ್ಟತೊಡಗಿ, ಸ್ನಾಯುವಿನೊಳಗೆ ಕರುವಿಗೆ ಸುಮಾರು 8 ತಿಂಗಳಾಗುವ ತನಕ ಹೆಚ್ಚುತ್ತಿರುತ್ತವೆ. ಎಳೆಯ ವಯಸ್ಸಿನಲ್ಲಿ ಚೆನ್ನಾಗಿ ತಿಂದ ಕರುವಿನ ಮಾಂಸದಲ್ಲಿ ಒಂದು ವರ್ಷದ ನಂತರ ಬಿಳಿ ಗೆರೆ ಹೆಚ್ಚು ಕಾಣುವುದು ಇದರಿಂದ. ಕೊನೆಯಲ್ಲಿ ಸುರಿದ ಕಾಳು ತುಂಬುವುದು ಆಗಲೇ ಇಟ್ಟಿರುವ ಚೀಲಗಳನ್ನು.

ಬೆಳವಣಿಗೆಗೂ ಒಂದು ಸರದಿ ಇದೆ. 20ನೇ ಶತಮಾನದ ಮೊದಲರ್ಧದಲ್ಲಿ ಕೇಂಬ್ರಿಜ್‌ನ ಪಶುವಿಜ್ಞಾನಿ ಜಾನ್ ಹ್ಯಾಮಂಡ್ ಇದನ್ನು ಸ್ಪಷ್ಟವಾಗಿ ವಿವರಿಸಿದರು. ತಿಂದದ್ದು ಮೊದಲು ಮಿದುಳು ನರಗಳಿಗೆ, ಆಮೇಲೆ ಮೂಳೆಗೆ, ಆಮೇಲೆ ಮಾಂಸಕ್ಕೆ, ಮಿಕ್ಕಿದ್ದು ನೆಣಕ್ಕೆ. ನೆಣದೊಳಗೂ ಸರದಿ: ಮೊದಲು ಮೂತ್ರಪಿಂಡದ ಸುತ್ತ, ಆಮೇಲೆ ಸ್ನಾಯು ಸ್ನಾಯುಗಳ ಸಂದಿನಲ್ಲಿ, ಆಮೇಲೆ ಚರ್ಮದಡಿ. ಸ್ನಾಯುವಿನ ಒಳಗೆ ಕಣ್ಣಿಗೆ ಕಾಣುವಷ್ಟು ತುಂಬುವುದು ಎಲ್ಲಕ್ಕಿಂತ ಕೊನೆಗೆ. ಸರದಿಯ ಕೊನೆಯಲ್ಲಿ ನಿಂತವನಿಗೆ ಊಟ ಸಿಗಬೇಕಾದರೆ ಮುಂದಿನವರೆಲ್ಲ ಉಂಡಿರಬೇಕು. ಹುಲ್ಲಿನ ಮೇಲೆಯೇ ಬೆಳೆದ ದನದ ದಿನದ ತೂಕ ಏರಿಕೆ ಅರ್ಧ ಕಿಲೋದಿಂದ ಒಂದು ಕಿಲೋ ಒಳಗೆ ಇರುತ್ತದೆ. ಕಾಳಿನ ಕೊಟ್ಟಿಗೆಯಲ್ಲಿ ಅದು ಒಂದೂವರೆ ಕಿಲೋ ದಾಟಬಹುದು. ಒಳಗಿನ ಗೆರೆಗಳಿಗೆ ಮಿಗುವಷ್ಟು ಶಕ್ತಿ ಸಿಗುವುದು ಸಾಮಾನ್ಯವಾಗಿ ಎರಡನೆಯ ಕಡೆ.

ಇಲ್ಲಿ ತಳಿಯ ಮಾತು ಬಿಟ್ಟರೆ ಅನ್ಯಾಯವಾದೀತು. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟ್ಯಾಟಿನ್ ಜೀನ್ ಕೆಟ್ಟಿರುತ್ತದೆ. ಅದಕ್ಕೆ ಎಷ್ಟು ಕಾಳು ಸುರಿದರೂ ಮಾಂಸ ಬೆಳೆಯುತ್ತದೆಯೇ ಹೊರತು ಒಳಗೆ ಗೆರೆ ಮೂಡುವುದು ಅತ್ಯಲ್ಪ. ಜಪಾನಿನ ಕಪ್ಪು ವಾಗ್ಯೂ ಇದಕ್ಕೆ ತದ್ವಿರುದ್ಧ. 28ರಿಂದ 30 ತಿಂಗಳು ಸಾಕಿ ಕೊಯ್ದಾಗ ಅದರ ಬೆನ್ನಿನ ಮಾಂಸದಲ್ಲಿ ಶೇ 30 ದಾಟಿ ಕೊಬ್ಬಿರಬಹುದು. ಮೇವು ಬೆರಳಿನ ಹಾಗೆ, ತಳಿ ವೀಣೆಯ ಹಾಗೆ. ಇಲ್ಲದ ತಂತಿಯನ್ನು ಮೀಟಲಾಗದು.

ತೂಗುಯಂತ್ರದ ಮೇಲೆ

ಚರ್ಮ, ತಲೆ, ಗೊರಸು, ಕರುಳು, ಒಳ ಅಂಗಗಳನ್ನೆಲ್ಲ ತೆಗೆದ ಮೇಲೆ ಕೊಕ್ಕೆಗೆ ತೂಗುಬಿಡುವ ಮಾಂಸ, ಮೂಳೆ, ನೆಣದ ದೇಹಕ್ಕೆ ಕಸುಬಿನವರು ಕಾರ್ಕಸ್ ಎನ್ನುತ್ತಾರೆ. ಜೀವಂತ ತೂಕದಲ್ಲಿ ಅದರ ಪಾಲು ಎಷ್ಟು ಎಂಬುದು ಮೊದಲ ಲೆಕ್ಕ. 500 ಕಿಲೋ ತೂಗುವ ಎರಡು ದನಗಳಲ್ಲಿ ಹುಲ್ಲಿನದು ಶೇ 54 ಕೊಟ್ಟರೆ 270 ಕಿಲೋ, ಕಾಳಿನದು ಶೇ 61 ಕೊಟ್ಟರೆ 305 ಕಿಲೋ. 35 ಕಿಲೋ ಎಲ್ಲಿ ಹೋಯಿತು? ಬಹುಪಾಲು ಹೊಟ್ಟೆಯಲ್ಲಿ. ನಾರಿನ ಮೇವು ನಿಧಾನವಾಗಿ ಜೀರ್ಣವಾಗುವುದರಿಂದ ರೂಮೆನ್ ಸದಾ ತುಂಬಿರುತ್ತದೆ, ದೊಡ್ಡದಾಗಿಯೂ ಬೆಳೆದಿರುತ್ತದೆ. ತಕ್ಕಡಿಯಲ್ಲಿ ನಾವು ತೂಗಿದ್ದರಲ್ಲಿ ಒಂದಷ್ಟು ಹುಲ್ಲು ಮತ್ತು ನೀರು. ಉಳಿದ ವ್ಯತ್ಯಾಸ ನೆಣದ್ದು.

ಈ ನೆಣವೆಲ್ಲ ಲಾಭವಲ್ಲ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು, ನೆಣದಲ್ಲಿ ನೀರು ತೀರ ಕಡಿಮೆ. ಆದ್ದರಿಂದ ಒಂದು ಕಿಲೋ ನೆಣ ಬೆಳೆಸಲು ಒಂದು ಕಿಲೋ ಮಾಂಸ ಬೆಳೆಸುವುದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಬೇಕು. ಅಷ್ಟೆಲ್ಲ ಖರ್ಚು ಮಾಡಿ ಬೆಳೆಸಿದ ಹೊರನೆಣವನ್ನು ಕಟುಕ ಚಾಕುವಿನಿಂದ ಸವರಿ ಬದಿಗೆ ಹಾಕುತ್ತಾನೆ. ಒಳಗೆರೆಗಾಗಿ ಹೊರನೆಣದ ದಂಡ ತೆರುವುದು ಕಾಳಿನ ಸಾಕಣೆಯ ಹಳೆಯ ತಲೆನೋವು.

ಯಾವುದಕ್ಕೆ ಬೆಲೆ ಎಂಬುದನ್ನು ಒಂದೊಂದು ದೇಶ ಒಂದೊಂದು ರೀತಿ ಗೊತ್ತುಮಾಡಿಕೊಂಡಿದೆ. ಅಮೆರಿಕದಲ್ಲಿ 12 ಮತ್ತು 13ನೇ ಪಕ್ಕೆಲುಬುಗಳ ನಡುವೆ ಕೊಯ್ದು ಒಳಗೆರೆ ನೋಡಿ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತಾರೆ. ಎಷ್ಟು ಮಾಂಸ ದಕ್ಕುತ್ತದೆ ಎಂಬುದಕ್ಕೆ 1ರಿಂದ 5ರವರೆಗೆ ಬೇರೆ ಅಂಕ. ಜಪಾನಿನಲ್ಲಿ 6 ಮತ್ತು 7ನೇ ಪಕ್ಕೆಲುಬುಗಳ ನಡುವೆ ನೋಡಿ ಒಳಗೆರೆಗೆ 12ರವರೆಗೆ ಅಂಕ ಕೊಡುತ್ತಾರೆ. ಯುರೋಪಿನಲ್ಲಿ 1981ರಿಂದ ನಡೆದುಬಂದ ಪದ್ಧತಿ ದೇಹದ ಮೈಕಟ್ಟು ಮತ್ತು ಹೊರನೆಣದ ಹೊದಿಕೆಯನ್ನಷ್ಟೇ ನೋಡುತ್ತದೆ, ಒಳಗೆರೆಯ ಗೊಡವೆಗೇ ಹೋಗುವುದಿಲ್ಲ. ಒಂದೇ ದನ ಒಂದು ಕಡೆ ಮೊದಲ ದರ್ಜೆ, ಇನ್ನೊಂದು ಕಡೆ ಅತಿ ನೆಣದ ದಂಡಕ್ಕೆ ಗುರಿ. ಯಾವ ಮೇವು ಒಳ್ಳೆಯದು ಎಂಬ ವಾದದಲ್ಲಿ ಇಬ್ಬರೂ ಸರಿಯಾಗಿರಲು ಸಾಧ್ಯವಾಗುವುದು ಹೀಗೆ.

ಕಾಳಿನ ಇನ್ನೊಂದು ಗುರುತು ಲಿವರಿನ ಮೇಲೆ ಉಳಿಯುತ್ತದೆ. ಮೆಲುಕು ಹಾಕುವಾಗ ಸುರಿಯುವ ಜೊಲ್ಲಿನಲ್ಲಿ ಸೋಡಾದಂಥ ಕ್ಷಾರವಿದ್ದು ಅದು ರೂಮೆನ್ ಹುಳಿಯಾಗದಂತೆ ಕಾಯುತ್ತದೆ. ನಾರು ಕಡಿಮೆಯಾದರೆ ಮೆಲುಕು ಕಡಿಮೆ, ಜೊಲ್ಲೂ ಕಡಿಮೆ. ಪಿಷ್ಟ ಒಮ್ಮೆಗೇ ಹೆಚ್ಚಾಯಿತೆಂದರೆ ಆಮ್ಲ ಉಕ್ಕಿ ರೂಮೆನಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.6ರ ಕೆಳಗಿಳಿಯುತ್ತದೆ, ಒಳಗೋಡೆ ಹುಣ್ಣಾಗುತ್ತದೆ. ಆ ಹುಣ್ಣಿನ ಮೂಲಕ ರಕ್ತಕ್ಕೆ ಜಾರಿದ ಬ್ಯಾಕ್ಟೀರಿಯಾ ಲಿವರಿನಲ್ಲಿ ಕೀವುಗಡ್ಡೆ ಕಟ್ಟುತ್ತದೆ. ಅಮೆರಿಕದ ದೊಡ್ಡ ಕಾಳಿನ ಕೊಟ್ಟಿಗೆಗಳಿಂದ ಬಂದ ದನಗಳಲ್ಲಿ ಶೇ 10ರಿಂದ 20ರಷ್ಟು ಲಿವರ್‌ಗಳು ಹೀಗೆ ಕೆಟ್ಟಿರುವುದು ಸಾಮಾನ್ಯ. ಗಡ್ಡೆ ಜೋರಾಗಿದ್ದರೆ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ಅಂಟಿಕೊಂಡು ಪಕ್ಕದ ಮಾಂಸವನ್ನೂ ಕತ್ತರಿಸಿ ಎಸೆಯಬೇಕಾಗುತ್ತದೆ. ಹುಲ್ಲಿನಿಂದ ಕಾಳಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆನ್ನುವುದು ಈ ಕಾರಣಕ್ಕೆ.

ಹಳದಿ ನೆಣ, ಬಿಳಿ ನೆಣ

ನೇರ ದಾರಿಯಲ್ಲಿ ಬರುವ ಕೆಲವೇ ವಸ್ತುಗಳಲ್ಲಿ ಬೀಟಾ ಕ್ಯಾರೊಟಿನ್ ಒಂದು. ಹಸಿರು ಹುಲ್ಲಿನಲ್ಲಿ ಇದು ಧಾರಾಳ. ಬಿಸಿಲಿಗೆ ಒಣಗಿದ ಹುಲ್ಲಿನಲ್ಲಿ ಬಹುಪಾಲು ನಾಶವಾಗಿರುತ್ತದೆ, ಗಾಳಿಯಾಡದಂತೆ ಹುಳಿಸಿಟ್ಟ ರಸಮೇವಿನಲ್ಲಿ ಇನ್ನೂ ಒಂದಷ್ಟು ಉಳಿದಿರುತ್ತದೆ, ಬಾರ್ಲಿ ಗೋಧಿಗಳಲ್ಲಿ ಇಲ್ಲವೆನ್ನಬಹುದು. ದನ ಕ್ಯಾರೊಟಿನನ್ನು ಪೂರ್ತಿ ವಿಟಮಿನ್ ಎ ಆಗಿ ಮಾರ್ಪಡಿಸುವುದಿಲ್ಲ, ಮಿಕ್ಕಿದ್ದನ್ನು ನೆಣದಲ್ಲಿ ಕೂಡಿಡುತ್ತದೆ. ಎಮ್ಮೆ, ಆಡು, ಕುರಿಗಳ ನೆಣ ಹಸಿರು ಮೇಯ್ದರೂ ಬೆಳ್ಳಗಿರುವುದು ಅವು ಹಾಗೆ ಕೂಡಿಡದ ಕಾರಣ. ದನಗಳಲ್ಲೂ ಜೆರ್ಸಿಯ ನೆಣ ಹೆಚ್ಚು ಹಳದಿ, ವಯಸ್ಸಾದಷ್ಟೂ ಹಳದಿ.

ಕೊಳ್ಳುವವರಲ್ಲಿ ಹಲವರು ಹಳದಿ ನೆಣ ಕಂಡರೆ ಮುದಿ ದನವೆಂದೋ ಕಾಯಿಲೆಯೆಂದೋ ಅನುಮಾನ ಪಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಇಲ್ಲಿ ಸ್ವಲ್ಪ ತಿರುಗಿಸಿ, ಹಳದಿಯಾದದ್ದೆಲ್ಲ ಹಳತಲ್ಲ ಎನ್ನಬೇಕು. ಬಣ್ಣ ಬೇಡವೆಂದರೆ ಕೊನೆಯ ಎರಡು ಮೂರು ತಿಂಗಳು ಕ್ಯಾರೊಟಿನ್ ಇಲ್ಲದ ಆಹಾರ ಕೊಟ್ಟರೆ ಸಾಕು, ಹೊಸ ಬಿಳಿ ನೆಣ ಸೇರಿಕೊಂಡು ಹಳದಿ ತಿಳಿಯಾಗುತ್ತದೆ.

ಜಪಾನಿನ ಸಾಕಣೆದಾರರು ಇದೇ ವಿಟಮಿನ್ ಎಯನ್ನು ಬೇರೊಂದು ಕೆಲಸಕ್ಕೆ ಬಳಸಿಕೊಂಡರು. ವಿಟಮಿನ್ ಎ ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ, ಎಳೆ ಕೋಶಗಳು ನೆಣದ ಕೋಶಗಳಾಗಿ ಬಲಿಯುವುದನ್ನು ತಡೆಯುತ್ತದೆ. ಹಾಗಾಗಿ ಕೊಬ್ಬಿಸುವ ಅವಧಿಯ ನಡುವೆ ಹಸಿರನ್ನು ಕಡಿತಗೊಳಿಸಿದರೆ ಒಳಗೆರೆ ಹೆಚ್ಚುತ್ತದೆ. ಲೆಕ್ಕ ಒಂದಿಷ್ಟು ತಪ್ಪಿದರೂ ಇರುಳುಗುರುಡು, ಕಾಲುಬಾವು, ಕೊನೆಗೆ ಪೂರ್ತಿ ಕುರುಡು. ಮಾಂಸದ ಗೆರೆಗಾಗಿ ಪ್ರಾಣಿಯ ಕಣ್ಣನ್ನು ಪಣಕ್ಕಿಡುವ ಈ ವಿದ್ಯೆಯನ್ನು ಕೌಶಲ ಎಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ಕೊನೆಯ ದಿನ ಮತ್ತು ಮೊದಲ ರಾತ್ರಿ

ಮೇವಿನ ಬಗ್ಗೆ ಮಾತಾಡುವವರು ಹೆಚ್ಚಾಗಿ ಕೈಬಿಡುವ ಭಾಗ ಇದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗವೂ ಇದೇ.

ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣಿ ಸತ್ತಾಗ ರಕ್ತ ನಿಲ್ಲುತ್ತದೆ, ಆಮ್ಲಜನಕ ಬರುವುದಿಲ್ಲ. ಸ್ನಾಯು ಮಾತ್ರ ಇನ್ನೂ ಕೆಲವು ಗಂಟೆ ತನ್ನ ದಾಸ್ತಾನನ್ನು ಕರಗಿಸುತ್ತಲೇ ಇರುತ್ತದೆ. ಅದರಿಂದ ಲ್ಯಾಕ್ಟಿಕ್ ಆಮ್ಲ ಹುಟ್ಟಿ, 7ರ ಆಚೀಚೆ ಇದ್ದ ಪಿಎಚ್ ಮರುದಿನದ ಹೊತ್ತಿಗೆ 5.5ರ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯ ಮಾಂಸಕ್ಕೆ ಈ ಹುಳಿ ಬೇಕೇ ಬೇಕು. ದಾಸ್ತಾನು ಖಾಲಿಯಾಗಿದ್ದರೆ ಪಿಎಚ್ 6ರ ಮೇಲೆಯೇ ನಿಂತುಬಿಡುತ್ತದೆ. ಆಗ ಮಾಂಸ ಕಪ್ಪುಗೆಂಪಾಗಿ, ಒಣಗಿದಂತೆ, ಮುಟ್ಟಿದರೆ ಅಂಟಂಟಾಗಿ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಕ್ಕರೆ ಸಿಗದೆ ನೇರ ಪ್ರೋಟೀನಿನ ತುಣುಕುಗಳಿಗೇ ಬಾಯಿ ಹಾಕುವುದರಿಂದ ಬೇಗ ನಾತ ಬರುತ್ತದೆ. ಬೇಯಿಸಿದರೂ ನಡುಭಾಗ ಕೆಂಪಾಗಿಯೇ ಉಳಿದು, ಬೆಂದಿಲ್ಲವೇನೋ ಎನ್ನಿಸುತ್ತದೆ. ಆಸ್ಟ್ರೇಲಿಯದ ಗುಣಮಟ್ಟ ಪದ್ಧತಿಯಲ್ಲಿ ಪಿಎಚ್ 5.70 ಮೀರಿದ ಮಾಂಸಕ್ಕೆ ದರ್ಜೆಯೇ ಇಲ್ಲ.

ದಾಸ್ತಾನು ತುಂಬುವುದು ಮೇವು, ಖಾಲಿ ಮಾಡುವುದು ಹೆದರಿಕೆ ಮತ್ತು ಆಯಾಸ. ಶಕ್ತಿ ಹೆಚ್ಚಿರುವ ಆಹಾರ ತಿಂದ ದನದ ಸ್ನಾಯುವಿನಲ್ಲಿ ಗ್ಲೈಕೋಜೆನ್ ಹೆಚ್ಚು. ಬೇಸಗೆಯ ಒಣ ಬಯಲಿನಲ್ಲಿ ಅರೆಹೊಟ್ಟೆ ಮೇಯ್ದದ್ದರಲ್ಲಿ ಕಡಿಮೆ. ಮೇಲಾಗಿ ಕೊಟ್ಟಿಗೆಯ ದನಕ್ಕೆ ಮನುಷ್ಯರ ಓಡಾಟ, ಗಾಡಿ, ಗದ್ದಲ ರೂಢಿ. ವಿಶಾಲ ಬಯಲಲ್ಲಿ ಬೆಳೆದದ್ದು ಲಾರಿ ಹತ್ತಿಸುವಾಗಲೇ ಬೆದರಿ ಒಂದಷ್ಟು ದಾಸ್ತಾನು ಕಳೆದುಕೊಳ್ಳುತ್ತದೆ. ಒಮ್ಮೆ ಕಳೆದದ್ದನ್ನು ಮತ್ತೆ ತುಂಬಿಕೊಳ್ಳಲು ಮೆಲುಕು ಹಾಕುವ ಪ್ರಾಣಿಗೆ ದಿನಗಳೇ ಬೇಕು, ಒಂದು ರಾತ್ರಿಯ ವಿಶ್ರಾಂತಿ ಸಾಲದು. ಹುಲ್ಲಿನ ದನದ ಮಾಂಸ ಕಪ್ಪು ಎಂಬ ದೂರಿನಲ್ಲಿ ಹುಲ್ಲಿನ ತಪ್ಪೆಷ್ಟು, ಲಾರಿಯ ತಪ್ಪೆಷ್ಟು ಎಂದು ಬಿಡಿಸಿ ನೋಡಬೇಕು. ವಯಸ್ಸಾದಂತೆ, ನಡೆದಾಡಿದಷ್ಟೂ ಸ್ನಾಯುವಿನಲ್ಲಿ ಕೆಂಪು ಕೊಡುವ ಮಯೋಗ್ಲೋಬಿನ್ ಹೆಚ್ಚುವುದರಿಂದಲೂ ಬಣ್ಣ ಗಾಢವಾಗುತ್ತದೆ. ಅದು ದೋಷವಲ್ಲ.

ಆಮೇಲೆ ತಣ್ಣನೆಯ ಕೋಣೆ. 1963ರಲ್ಲಿ ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು, ಇನ್ನೂ ಸೆಟೆಯದ ದನದ ಸ್ನಾಯುವನ್ನು ಬೇಗ ತಂಪು ಮಾಡಿದರೆ ಅದು ಮುದುಡಿಕೊಳ್ಳುತ್ತದೆ ಎಂದು ತೋರಿಸಿದರು. ಪಿಎಚ್ ಇನ್ನೂ 6ರ ಮೇಲಿರುವಾಗಲೇ ಸ್ನಾಯುವಿನ ಬಿಸಿ ಸುಮಾರು 10 ಡಿಗ್ರಿಗಿಂತ ಕೆಳಗಿಳಿದರೆ ಎಳೆಗಳು ಜಗ್ಗಿಕೊಂಡು ಅಲ್ಲೇ ಗಟ್ಟಿಯಾಗುತ್ತವೆ. ಹಾಗೆ ಮುದುಡಿದ ಮಾಂಸ ಎಷ್ಟು ಬೇಯಿಸಿದರೂ ಜಗಿಯಲು ಕಷ್ಟ. ಇಲ್ಲಿ ಹೊರನೆಣಕ್ಕೆ ಅನಿರೀಕ್ಷಿತ ಉಪಯೋಗ ಒಂದಿದೆ: ಅದು ಕಂಬಳಿ. ನೆಣ ಹೊದ್ದ, ಭಾರವಾದ ಕಾರ್ಕಸ್ ನಿಧಾನವಾಗಿ ಆರುತ್ತದೆ. ನೆಣವಿಲ್ಲದ ತೆಳು ಕಾರ್ಕಸ್ ಅದೇ ಕೋಣೆಯಲ್ಲಿ ಬೇಗ ತಣ್ಣಗಾಗಿ ಮುದುಡುತ್ತದೆ. ಹುಲ್ಲಿನ ಮಾಂಸ ನಾರುನಾರು ಎಂಬ ಹಳೆಯ ಅಪವಾದದಲ್ಲಿ ಒಂದು ಪಾಲು ಈ ಶೀತಲ ಕೋಣೆಗೆ ಸೇರಬೇಕಾದದ್ದು. ಕೊಯ್ದ ಕೂಡಲೇ ಕಾರ್ಕಸ್‌ಗೆ ವಿದ್ಯುತ್ ಹಾಯಿಸಿ ಗ್ಲೈಕೋಜೆನ್ ಬೇಗ ಕರಗುವಂತೆ ಮಾಡುವ ಉಪಾಯವನ್ನು ಹಲವು ದೇಶಗಳಲ್ಲಿ ಈಗ ಬಳಸುತ್ತಾರೆ.

ಮತ್ತೊಂದು ಪಾಲು ವಯಸ್ಸಿನದು. ಸ್ನಾಯುಗಳನ್ನು ಕಟ್ಟಿಹಿಡಿಯುವ ಕೊಲಾಜೆನ್ ನಾರುಗಳು ವಯಸ್ಸಾದಂತೆ ಒಂದಕ್ಕೊಂದು ಗಂಟು ಹಾಕಿಕೊಳ್ಳುತ್ತವೆ, ಆಮೇಲೆ ಬಿಸಿಗೆ ಸುಲಭವಾಗಿ ಕರಗುವುದಿಲ್ಲ. ಕಾಳು ತಿಂದ ದನ ಒಂದೂವರೆ ವರ್ಷಕ್ಕೆ ಮುಟ್ಟುವ ತೂಕವನ್ನು ಹುಲ್ಲಿನದು ಮುಟ್ಟಲು ಎರಡು, ಎರಡೂವರೆ ವರ್ಷ ಬೇಕಾಗಬಹುದು. ಬೇಗ ಬೆಳೆಯುತ್ತಿರುವ ಪ್ರಾಣಿಯಲ್ಲಿ ಹೊಸ, ಇನ್ನೂ ಗಂಟು ಬೀಳದ ಕೊಲಾಜೆನ್ ಹೆಚ್ಚಿರುತ್ತದೆ. ಒಂದೇ ವಯಸ್ಸಿನ, ಒಂದೇ ನೆಣದ ದನಗಳನ್ನು ಹೋಲಿಸಿದಾಗ ಮೆದುವಿನಲ್ಲಿ ಹುಲ್ಲು ಕಾಳಿನ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಒಳಗೆರೆಯಿಂದ ಮೆದುತನ ಬರುತ್ತದೆ ಎಂಬ ನಂಬಿಕೆಯೂ ಅರೆಪಾಲಿನದು. ಗೆರೆ ಬಾಯಿಗೆ ರಸ ಕೊಡುತ್ತದೆ, ಸ್ವಲ್ಪ ಹೆಚ್ಚು ಬೆಂದಾಗ ಮಾಂಸವನ್ನು ಕಾಪಾಡುತ್ತದೆ, ಆದರೆ ಮೆದುವಿನ ಏರಿಳಿತದಲ್ಲಿ ಅದರ ಪಾಲು ಸಣ್ಣದು. ಕೊಯ್ದ ಮೇಲೆ ಎರಡು ವಾರ ತಂಪಿನಲ್ಲಿಟ್ಟು ಮಾಂಸದ ಕಿಣ್ವಗಳಿಗೆ ಎಳೆ ಕಡಿಯಲು ಸಮಯ ಕೊಡುವುದು ಎಷ್ಟೋ ಕಾಳಿಗಿಂತ ಅಗ್ಗದ ಉಪಾಯ.

ಹುಲ್ಲು ಗೆಲ್ಲುವ ಜಾಗ

ಮಾಂಸ ಅಂಗಡಿಯ ತಟ್ಟೆಗೆ ಬಂದು ಗಾಳಿಗೆ ತೆರೆದುಕೊಂಡ ಮೇಲೆ ಆಟ ತಿರುಗುತ್ತದೆ. ಕೆಂಪು ಬಣ್ಣದ ಮಯೋಗ್ಲೋಬಿನ್ ದಿನ ಕಳೆದಂತೆ ಉತ್ಕರ್ಷಿಸಿ ಕಂದಾಗುತ್ತದೆ. ಇದನ್ನು ತಡೆಯುವುದು ವಿಟಮಿನ್ ಇ. ಹಸಿರು ಹುಲ್ಲಿನಲ್ಲಿ ಇದು ಸಮೃದ್ಧ, ಗೋದಾಮಿನಲ್ಲಿ ಕೂತ ಕಾಳಿನಲ್ಲಿ ಕಡಿಮೆ. ಹುಲ್ಲು ಮೇಯ್ದ ದನದ ಸ್ನಾಯುವಿನಲ್ಲಿ ಸಹಜವಾಗಿಯೇ ಸೇರಿಕೊಂಡಿರುವ ವಿಟಮಿನ್ ಇಯನ್ನು ಕಾಳಿನ ದನಕ್ಕೆ ಹೊರಗಿನಿಂದ ತಿನ್ನಿಸಬೇಕಾಗುತ್ತದೆ. ದಿನಕ್ಕೆ 500 ಅಂತರರಾಷ್ಟ್ರೀಯ ಘಟಕದ ಲೆಕ್ಕದಲ್ಲಿ ಸುಮಾರು 100 ದಿನ ತಿನ್ನಿಸಿದರೆ ಮಾಂಸದ ಕೆಂಪು ಕೆಲವು ದಿನ ಹೆಚ್ಚು ಉಳಿಯುತ್ತದೆ. ಮದ್ಯಸಾರದ ಕಾರ್ಖಾನೆಯಿಂದ ಬರುವ ಕಾಳಿನ ಚರಟವನ್ನು ಹೆಚ್ಚು ತಿನ್ನಿಸಿದ ಕಡೆ ಇದು ಇನ್ನೂ ಬೇಕು. ಪಿಷ್ಟ ಹೋಗಿ ಜಿಡ್ಡು ಮಡುಗಟ್ಟಿದ ಆ ಆಹಾರದಿಂದ ಮಾಂಸದಲ್ಲಿ ಬೇಗ ಕೆಡುವ ಕೊಬ್ಬಿನಾಮ್ಲಗಳು ಹೆಚ್ಚುತ್ತವೆ.

ಒಮೆಗಾ 3 ಎಂಬ ಬಗೆಯ ಕೊಬ್ಬಿನಾಮ್ಲಗಳ ವಿಷಯದಲ್ಲೂ ಹುಲ್ಲೇ ಮುಂದೆ, ಆದರೆ ಇಲ್ಲಿ ಉತ್ಸಾಹ ಅಳತೆ ಮೀರುತ್ತದೆ. ಹುಲ್ಲಿನ ಕೊಬ್ಬಿನಲ್ಲಿ ಲಿನೋಲೆನಿಕ್ ಆಮ್ಲ ಎಂಬ ಒಮೆಗಾ 3 ಧಾರಾಳವಾಗಿದೆ. ರೂಮೆನಿನ ಬ್ಯಾಕ್ಟೀರಿಯಾಗಳಿಗೆ ಇಂಥ ಕೊಬ್ಬು ವಿಷದಂತೆ, ಅದಕ್ಕೆ ಹೈಡ್ರೋಜನ್ ಸೇರಿಸಿ ಗಟ್ಟಿ ಕೊಬ್ಬು ಮಾಡಿಬಿಡುತ್ತವೆ. ಶೇ 85ಕ್ಕೂ ಹೆಚ್ಚು ಹೀಗೆ ಮಾಯ. ತಪ್ಪಿಸಿಕೊಂಡದ್ದಷ್ಟೇ ಮಾಂಸ ತಲುಪುತ್ತದೆ. ಒಮೆಗಾ 6 ಮತ್ತು 3ರ ಅನುಪಾತ ಹುಲ್ಲಿನ ಮಾಂಸದಲ್ಲಿ 2ರ ಆಸುಪಾಸು, ಕಾಳಿನದರಲ್ಲಿ 5ರಿಂದ 10 ಅಥವಾ ಇನ್ನೂ ಮೇಲೆ. ಅನುಪಾತ ಕೇಳಲು ಚೆನ್ನ. ಪ್ರಮಾಣ ನೋಡಿದರೆ 100 ಗ್ರಾಂ ಹುಲ್ಲಿನ ಮಾಂಸದಲ್ಲಿ ಸಿಗುವ ಒಮೆಗಾ 3 ಕೆಲವು ಹತ್ತು ಮಿಲಿಗ್ರಾಂ. ಎಣ್ಣೆ ಮೀನಿನಲ್ಲಿ ಅದು ಸಾವಿರ ಮಿಲಿಗ್ರಾಂ ದಾಟುತ್ತದೆ.

ಈ ಬ್ಯಾಕ್ಟೀರಿಯಾಗಳ ಕಣ್ಣು ತಪ್ಪಿಸಲು 1970ರ ದಶಕದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಣ್ಣೆಯ ಹನಿಗಳಿಗೆ ಪ್ರೋಟೀನಿನ ಪೊರೆ ಹೊದಿಸಿ, ಫಾರ್ಮಾಲಿನ್‌ನಿಂದ ಗಟ್ಟಿಮಾಡಿ ದನಗಳಿಗೆ ತಿನ್ನಿಸಿದರು. ಉಪಾಯ ಫಲಿಸಿತು, ಎಣ್ಣೆ ಹಾಗೆಯೇ ನೆಣಕ್ಕೆ ಇಳಿಯಿತು. ಆದರೆ ಅಂಥ ನೆಣ ಮೆತ್ತಗೆ ಜಿಡ್ಡುಜಿಡ್ಡು, ಬೇಗ ಕಮಟು. ಹತ್ತಿಬೀಜ ಇದಕ್ಕೆ ವಿರುದ್ಧ. ಅದರಲ್ಲಿರುವ ಸ್ಟರ್ಕ್ಯುಲಿಕ್ ಆಮ್ಲ, ಗಟ್ಟಿ ಸ್ಟಿಯರಿಕ್ ಆಮ್ಲವನ್ನು ಮೆದು ಓಲಿಕ್ ಆಮ್ಲವಾಗಿಸುವ ಕಿಣ್ವದ ಕೈ ಕಟ್ಟುತ್ತದೆ. ಅತಿಯಾಗಿ ತಿನ್ನಿಸಿದರೆ ನೆಣ ಮೇಣದಂತೆ ಗಟ್ಟಿ. ಸ್ಟಿಯರಿಕ್ ಕರಗುವುದು ಸುಮಾರು 69 ಡಿಗ್ರಿಗೆ, ಓಲಿಕ್ 14ರ ಹತ್ತಿರ. ದೀರ್ಘಕಾಲ ಕಾಳು ತಿಂದ ದನದಲ್ಲಿ ಆ ಕಿಣ್ವ ಚುರುಕಾಗಿರುತ್ತದೆ. ವಾಗ್ಯೂ ನೆಣ ಬಾಯಲ್ಲೇ ಕರಗುವಂತಿರುವುದು ಓಲಿಕ್ ಹೆಚ್ಚಿರುವುದರಿಂದ.

ಉಳಿದದ್ದು ರುಚಿ. ಬಾಣಲೆಯ ಬಿಸಿಗೆ ಲಿನೋಲೆನಿಕ್ ಆಮ್ಲ ಒಡೆದು ಒಂದು ಬಗೆಯ ಹಸಿರು ವಾಸನೆ ಕೊಡುತ್ತದೆ. ಎಲೆಯ ಹರಿತ್ತಿನಿಂದ ಬಂದ ಕೆಲವು ಟರ್ಪೀನುಗಳು, ಪ್ರೋಟೀನ್ ಹೆಚ್ಚಿರುವ ಎಳೆ ಹುಲ್ಲು ರೂಮೆನಿನಲ್ಲಿ ಒಡೆದಾಗ ಹುಟ್ಟುವ ಸ್ಕಟೋಲ್ ಎಂಬ ವಸ್ತುವೂ ನೆಣದಲ್ಲಿ ಕೂತಿರುತ್ತವೆ. ಕಾಳಿನ ಮಾಂಸದ ಪರಿಮಳ ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳಿಂದ ಬರುವಂಥದ್ದು, ಹೆಚ್ಚು ಬೆಣ್ಣೆಯ ಕಡೆಗೆ ವಾಲಿದ್ದು. ಹುಲ್ಲಿನ ದನವನ್ನು ಮೂರು ತಿಂಗಳು ಕಾಳಿಗೆ ಹಾಕಿದರೆ ಹಸಿರು ವಾಸನೆ ಬಹಳ ಮಟ್ಟಿಗೆ ಅಡಗುತ್ತದೆ. ಇದರಲ್ಲಿ ಯಾವುದು ಮೇಲು ಎಂದು ಕಣ್ಣುಕಟ್ಟಿ ತಿನ್ನಿಸಿ ಕೇಳಿದಾಗ, ಕಾಳಿನ ಮಾಂಸ ತಿಂದು ಬೆಳೆದ ಅಮೆರಿಕನ್ನರಲ್ಲಿ ಹೆಚ್ಚಿನವರು ಕಾಳಿನದನ್ನೇ ಆರಿಸುತ್ತಾರೆ. ಹುಲ್ಲಿನ ವಾಸನೆಯನ್ನು 'ಕೆಟ್ಟಿದೆ' ಎನ್ನುವವರೂ ಅವರಲ್ಲಿ ಇದ್ದಾರೆ. ಅದೇ ವಾಸನೆಯನ್ನು ಬಯಲು ಹುಲ್ಲಿನ ದನಗಳ ನಡುವೆ ಬೆಳೆದವರು 'ಈಗ ಇದು ಮಾಂಸದ ಹಾಗಿದೆ' ಎಂದು ಗುರುತಿಸುತ್ತಾರೆ.